ಊರ ಶಾಲೆಯನ್ನು ಕೇಳುವವರಾರು?
ಕಲಬುರಗಿ ಶೈಕ್ಷಣಿಕ ಜಿಲ್ಲೆಯ ಆಡಳಿತ, ಹಣ ಮತ್ತು ಫಲಿತಾಂಶ: ಒಂದು ಅವಲೋಕನ

2025ರ ಮೇ ತಿಂಗಳಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ-1ರ ಫಲಿತಾಂಶ ಪ್ರಕಟವಾಯಿತು. ದಕ್ಷಿಣ ಕನ್ನಡ ಜಿಲ್ಲೆ ಶೇ. 91.12ರಷ್ಟು ಫಲಿತಾಂಶ ಪಡೆದು ಮೊದಲ ಸ್ಥಾನದಲ್ಲಿ ನಿಂತಿತು. ಕಲಬುರಗಿ ಜಿಲ್ಲೆ ಶೇ. 42.43ರಷ್ಟು ಪಡೆದು ಕಟ್ಟಕಡೆಗೆ ಉಳಿಯಿತು. ಎರಡೂ ಜಿಲ್ಲೆಗಳ ಮಕ್ಕಳು ಓದಿದ್ದು ಒಂದೇ ಪಠ್ಯಪುಸ್ತಕ, ಬರೆದದ್ದು ಒಂದೇ ದಿನ, ಉತ್ತರಿಸಿದ್ದು ಒಂದೇ ಪ್ರಶ್ನೆಪತ್ರಿಕೆ. ಆಳುವ ಸರಕಾರವೂ ಒಂದೇ. ಆದರೂ ಅಲ್ಲಿ ನೂರಕ್ಕೆ ತೊಂಬತ್ತೊಂದು ಮಕ್ಕಳು ದಾಟಿದ ಹೊಳೆಯನ್ನು ಇಲ್ಲಿ ನಲವತ್ತೆರಡು ಮಕ್ಕಳು ಮಾತ್ರ ದಾಟಿದರು. ಉಳಿದ ಐವತ್ತೆಂಟು ಮಕ್ಕಳು ದಡದಲ್ಲಿಯೇ ನಿಂತರು.

ಈ ಅಂತರಕ್ಕೆ ಮಕ್ಕಳ ಬುದ್ಧಿ ಕಾರಣವಲ್ಲವೆಂಬುದನ್ನು ಹೇಳಬೇಕಾಗಿಯೇ ಇಲ್ಲ. ಬುದ್ಧಿಯು ಜಿಲ್ಲೆಯ ಗಡಿಯನ್ನು ನೋಡಿ ಹುಟ್ಟುವುದಿಲ್ಲ. ಹಾಗಾದರೆ ಕಾರಣವೆಲ್ಲಿದೆ? ಫಲಿತಾಂಶ ಬಂದ ವಾರವೆಲ್ಲ ನಾವು ಶಿಕ್ಷಕರನ್ನು ದೂರುತ್ತೇವೆ, ಸರಕಾರವನ್ನು ಬೈಯುತ್ತೇವೆ, ಮುಂದಿನ ವಾರ ಮರೆತುಬಿಡುತ್ತೇವೆ. ಆದರೆ ನಮ್ಮ ಊರಿನ ಸರಕಾರಿ ಶಾಲೆಯನ್ನು ನಡೆಸುವವರು ಯಾರು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ಅದು ಸೋತಾಗ ಉತ್ತರ ಹೇಳಬೇಕಾದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಉತ್ತರ ಸಿಕ್ಕೀತು? ಅದನ್ನು ತಿಳಿಸಿಕೊಡುವುದೇ ಈ ಲೇಖನದ ಉದ್ದೇಶ.

ಶೈಕ್ಷಣಿಕ ಜಿಲ್ಲೆ ಎಂದರೇನು?

ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31. ಆದರೆ ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಜಿಲ್ಲೆಗಳು 35. ಬೆಳಗಾವಿ ಜಿಲ್ಲೆಯಲ್ಲಿ ಚಿಕ್ಕೋಡಿ, ಉತ್ತರ ಕನ್ನಡದಲ್ಲಿ ಶಿರಸಿ, ತುಮಕೂರಿನಲ್ಲಿ ಮಧುಗಿರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳಾಗಿವೆ; ಬೆಂಗಳೂರು ನಗರವು ಉತ್ತರ, ದಕ್ಷಿಣವೆಂದು ಎರಡಾಗಿದೆ. ಕಲಬುರಗಿಯಲ್ಲಿ ಕಂದಾಯ ಜಿಲ್ಲೆಯೂ ಶೈಕ್ಷಣಿಕ ಜಿಲ್ಲೆಯೂ ಒಂದೇ. ಅದರೊಳಗೆ ಅಫಜಲಪುರ, ಆಳಂದ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಸೇಡಂ, ಕಲಬುರಗಿ ಉತ್ತರ ಮತ್ತು ಕಲಬುರಗಿ ದಕ್ಷಿಣ ಎಂಬ ಎಂಟು ಶೈಕ್ಷಣಿಕ ವಲಯಗಳಿವೆ.

ಜಿಲ್ಲೆಯ ಶಾಲೆಗಳ ಆಡಳಿತವು ಉಪನಿರ್ದೇಶಕರ ಕೈಯಲ್ಲಿದೆ. ಪ್ರತಿ ವಲಯಕ್ಕೆ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ; ಜನರ ಬಾಯಲ್ಲಿ ಇವರು ಬಿ.ಇ.ಓ. ಸಾಹೇಬರು. ಇವರ ಕೈಕೆಳಗೆ ಶಿಕ್ಷಣ ಸಂಯೋಜಕರು, ಕ್ಷೇತ್ರ ಸಮನ್ವಯಾಧಿಕಾರಿಗಳು ಮತ್ತು ಹತ್ತಾರು ಶಾಲೆಗಳ ಗುಂಪಿಗೆ ಒಬ್ಬರಂತೆ ಸಮೂಹ ಸಂಪನ್ಮೂಲ ವ್ಯಕ್ತಿಗಳು ಇದ್ದಾರೆ. ಕಟ್ಟಕಡೆಯಲ್ಲಿ ಶಾಲೆಯ ಮುಖ್ಯ ಗುರುಗಳು. ಉಪನಿರ್ದೇಶಕರ ಮೇಲೆ ಕಲಬುರಗಿಯಲ್ಲಿಯೇ ಇರುವ ಅಪರ ಆಯುಕ್ತರ ಕಚೇರಿ, ಅದರ ಮೇಲೆ ಬೆಂಗಳೂರಿನ ಆಯುಕ್ತರು, ಅವರ ಮೇಲೆ ಸಚಿವಾಲಯ. ಇನ್ನೊಂದು ಪಕ್ಕದಲ್ಲಿ, 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ, ಜಿಲ್ಲಾ ಪಂಚಾಯತಿಯೂ ಶಾಲೆಗಳ ಮೇಲ್ವಿಚಾರಣೆಯಲ್ಲಿ ಪಾಲುಗಾರನಾಗಿದೆ. ಪರೀಕ್ಷೆಯ ಹೊಣೆಯಾದರೋ ಬೇರೊಂದು ಮಂಡಲಿಯದು. ಶಿಕ್ಷಕರ ತರಬೇತಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯದು.

ಹೀಗೆ ಒಂದು ಹಳ್ಳಿಯ ಶಾಲೆಗೆ ಒಡೆಯರು ಅನೇಕರಿದ್ದಾರೆ. ಆದೇಶಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ, ಅಂಕಿ ಅಂಶಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಇವರಲ್ಲಿ ಜನರಿಂದ ಆರಿಸಿ ಬಂದು ಇಡೀ ಜಿಲ್ಲೆಯ ಶಾಲೆಗಳ ಪರವಾಗಿ ಕೇಳಬೇಕಾದವರು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಯ ಸದಸ್ಯರು. 2016ರಲ್ಲಿ ಆಯ್ಕೆಯಾದ ಆ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಹೊಸ ಚುನಾವಣೆಯೇ ನಡೆಯಲಿಲ್ಲ. ಅಷ್ಟೂ ಕಾಲ ಜಿಲ್ಲೆಯ ಮಟ್ಟದಲ್ಲಿ ಶಾಲೆಯ ಮಾತನ್ನು ಎತ್ತುವ ಆಸನಗಳು ಬರಿದಾಗಿದ್ದವು.

ಹಣದ ದಾರಿ

ಸರಕಾರಿ ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಶಿಕ್ಷಕರ ವೇತನಕ್ಕೆ ಸಲ್ಲುತ್ತದೆ. ಇದನ್ನು ರಾಜ್ಯ ಸರಕಾರವು ತನ್ನ ಆಯವ್ಯಯದಿಂದ ಕೊಡುತ್ತದೆ. ಅನುದಾನಿತ ಖಾಸಗಿ ಶಾಲೆಗಳ ಶಿಕ್ಷಕರ ವೇತನವೂ ಇದೇ ಬೊಕ್ಕಸದ್ದು. ಎರಡನೆಯದು ಸಮಗ್ರ ಶಿಕ್ಷಣ ಯೋಜನೆ. ಸರ್ವ ಶಿಕ್ಷಣ ಅಭಿಯಾನ ಮತ್ತು ಮಾಧ್ಯಮಿಕ ಶಿಕ್ಷಣ ಅಭಿಯಾನಗಳನ್ನು 2018ರಲ್ಲಿ ಒಂದುಗೂಡಿಸಿ ರೂಪಿಸಿದ ಈ ಯೋಜನೆಗೆ ಕೇಂದ್ರವು ನೂರಕ್ಕೆ 60, ರಾಜ್ಯವು 40ರಂತೆ ಹಣ ಹಾಕುತ್ತವೆ.

ಈ ಯೋಜನೆಯಡಿ ಪ್ರತಿ ಸರಕಾರಿ ಶಾಲೆಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ವಾರ್ಷಿಕ ಶಾಲಾ ಅನುದಾನ ನಿಗದಿಯಾಗಿದೆ. 30ರವರೆಗೆ ಮಕ್ಕಳಿದ್ದರೆ 10,000 ರೂಪಾಯಿ. 31ರಿಂದ 100ರವರೆಗೆ 25,000. 101ರಿಂದ 250ರವರೆಗೆ 50,000. 251ರಿಂದ 1,000ದವರೆಗೆ 75,000. ಅದಕ್ಕೂ ಮೀರಿದರೆ ಒಂದು ಲಕ್ಷ. ಸುಣ್ಣಬಣ್ಣ, ಸೀಮೆಸುಣ್ಣ, ವಿದ್ಯುತ್ ಬಿಲ್ಲು, ಸಣ್ಣಪುಟ್ಟ ರಿಪೇರಿ ಎಲ್ಲವೂ ಇದರಲ್ಲಿಯೇ ಆಗಬೇಕು. ಇದರ ಹತ್ತರಲ್ಲಿ ಒಂದು ಪಾಲನ್ನಾದರೂ ಶೌಚಾಲಯ ಮತ್ತು ಸ್ವಚ್ಛತೆಗೆ ಬಳಸಬೇಕೆಂಬ ನಿಯಮವಿದೆ. ಎಂಬತ್ತು ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಎಂದರೆ ತಿಂಗಳಿಗೆ ಎರಡು ಸಾವಿರದ ಆಸುಪಾಸು. ಒಂದು ಸಾಧಾರಣ ಸಂಸಾರದ ಕಿರಾಣಿ ಖರ್ಚಿಗಿಂತಲೂ ಇದು ಕಡಿಮೆ.

ಮಧ್ಯಾಹ್ನದ ಊಟದ್ದು ಪ್ರತ್ಯೇಕ ಲೆಕ್ಕ. ಬೇಯಿಸಿದ ಊಟವನ್ನು ಶಾಲೆಯಲ್ಲಿಯೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ ತಿಂಗಳಿನಲ್ಲಿ ಆದೇಶಿಸಿತು. ಅದರ ಮರುವರ್ಷ ಕರ್ನಾಟಕದಲ್ಲಿ ಈ ಕಾರ್ಯ ಆರಂಭವಾದದ್ದು ಈಶಾನ್ಯ ಭಾಗದ ಜಿಲ್ಲೆಗಳಿಂದ. ಶರಣರ ನಾಡಿನಲ್ಲಿ ಮೊದಲ ಒಲೆ ಹೊತ್ತಿದ ಈ ಯೋಜನೆಗೆ 'ಅಕ್ಷರ ದಾಸೋಹ' ಎಂಬ ಹೆಸರು ಬಂದದ್ದು ಉಚಿತವೇ ಆಗಿದೆ. 2013ರ ಆಗಸ್ಟ್ ತಿಂಗಳಿನಿಂದ ಹಾಲು ಕೊಡುವ ಕ್ಷೀರಭಾಗ್ಯವೂ ಜೊತೆಗೂಡಿತು.

ಕಲಬುರಗಿಗೆ ಇನ್ನೊಂದು ವಿಶೇಷ ಮೂಲವುಂಟು. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಸೇರ್ಪಡೆಯಾಗಿ, ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಆ ಮಂಡಳಿಯ ಹಣದಿಂದ ಶಾಲಾ ಕೊಠಡಿಗಳೂ ಏಳುತ್ತಿವೆ.

ಇಲ್ಲಿ ಗೃಹಸ್ಥರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಶಾಲೆಗೆ ಬರುವ ಹಣದಲ್ಲಿ ದೊಡ್ಡದು ವೇತನವೆಂದೆವಷ್ಟೆ. ಒಂದು ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿ ಬಿದ್ದರೆ ಆ ವೇತನದ ಹಣವು ಶಾಲೆಯ ಖಾತೆಗೆ ಬಂದು ಸೇರುವುದಿಲ್ಲ. ಅದು ಖರ್ಚಾಗದೆ ಸರಕಾರದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಶಿಕ್ಷಕರಿಲ್ಲದ ಊರು ಪಾಠವನ್ನು ಕಳೆದುಕೊಳ್ಳುವುದರ ಜೊತೆಗೆ ತನ್ನ ಪಾಲಿನ ಹಣವನ್ನೂ ಕಳೆದುಕೊಳ್ಳುತ್ತದೆ. ಹೊಸ ಕೊಠಡಿಯ ಉದ್ಘಾಟನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಖಾಲಿ ಹುದ್ದೆ ಕಣ್ಣಿಗೆ ಬೀಳುವುದಿಲ್ಲ.

ಫಲಿತಾಂಶದ ಪರದೆ ಸರಿದಾಗ

2023ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇ. 83.89 ಇದ್ದಿತು. 2024ರಲ್ಲಿ ಅದು ಶೇ. 73.40ಕ್ಕೆ ಕುಸಿಯಿತು. ಆ ವರ್ಷ ಮೊದಲ ಬಾರಿಗೆ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು, ಅಧಿಕಾರಿಗಳು ದೂರದಿಂದಲೇ ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಜಾರಿಗೆ ಬಂದಿತು. ಫಲಿತಾಂಶ ಇನ್ನೂ ಕೆಳಗೆ ಬೀಳಬಾರದೆಂದು ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಲಾಯಿತು. ಹಾಗೆ ಮಾಡಿದರೂ ಕಡೆಯ ಸ್ಥಾನದ ಯಾದಗಿರಿ ಜಿಲ್ಲೆಗೆ ದೊರೆತದ್ದು ಶೇ. 50.59 ಮಾತ್ರ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟಾಗ ರಾಜ್ಯದ ಫಲಿತಾಂಶ ಶೇ. 66.14ಕ್ಕೆ ಇಳಿಯಿತು, ಕಲಬುರಗಿ ಕಡೆಯದಾಯಿತು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ತೇರ್ಗಡೆಯ ಅಂಕವನ್ನು ಶೇ. 35ರಿಂದ 33ಕ್ಕೆ ಇಳಿಸುವ ನಿರ್ಧಾರವನ್ನು ಸರಕಾರ ಪ್ರಕಟಿಸಿತು.

ಎರಡು ವರ್ಷಗಳಲ್ಲಿ ಮಕ್ಕಳ ಕಲಿಕೆ ಇಷ್ಟೊಂದು ಕುಸಿಯಿತೆಂದು ತಿಳಿಯುವುದು ತಪ್ಪು. ಮೊದಲಿನಿಂದಲೂ ಇದ್ದ ಕೊರತೆಯ ಮೇಲಿನ ಪರದೆ ಸರಿಯಿತೆನ್ನುವುದೇ ಸರಿ. ಪರದೆ ಸರಿದದ್ದು ಒಳ್ಳೆಯದೇ. ರೋಗ ತಿಳಿಯದೆ ಮದ್ದು ಕೊಡಲಾಗದು. ಇನ್ನು ಮುಂದೆ ತೇರ್ಗಡೆಯ ಗೆರೆಯನ್ನು ಕೆಳಗಿಳಿಸಿದ್ದರಿಂದ ಶೇಕಡಾವಾರು ಏರಿದರೆ, ಅದನ್ನು ಹಿಂದಿನ ವರ್ಷದೊಡನೆ ಹೋಲಿಸಿ ಹಿಗ್ಗುವ ಮುನ್ನ ನಾವು ಎಚ್ಚರ ವಹಿಸಬೇಕು.

ಹತ್ತನೆಯ ತರಗತಿಯ ಸೋಲು ಹತ್ತನೆಯ ತರಗತಿಯಲ್ಲಿ ಹುಟ್ಟಿದ್ದಲ್ಲ. ಮೂರನೆಯ ತರಗತಿಯಲ್ಲಿ ತಡವರಿಸಿ ಓದುವ ಮಗು ಐದನೆಯದರಲ್ಲಿ ಸಮಾಜ ವಿಜ್ಞಾನದ ಪಾಠವನ್ನು ಗ್ರಹಿಸಲಾರದು. ಭಾಗಾಕಾರ ಬಾರದ ಮಗು ಎಂಟನೆಯದರಲ್ಲಿ ಬೀಜಗಣಿತವನ್ನು ಬಾಯಿಪಾಠ ಮಾಡುವುದೇ ಹೊರತು ಕಲಿಯಲಾರದು. ಕೊನೆಯ ಮೂರು ತಿಂಗಳ ವಿಶೇಷ ತರಗತಿಯಿಂದ ಏಳು ವರ್ಷಗಳ ಕೊರತೆ ತುಂಬುವುದಿಲ್ಲ.

ಹಿಂದುಳಿಯಲು ಕಾರಣಗಳು

ಮೊದಲನೆಯದು ಚರಿತ್ರೆ. ದಕ್ಷಿಣ ಕನ್ನಡಕ್ಕೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಅಲ್ಲಿ ಶಾಲೆಗಳ ಪರಂಪರೆಗೆ ನೂರೆಂಬತ್ತು ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ. ಕಲಬುರಗಿಯಾದರೋ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಸಂಸ್ಥಾನದಲ್ಲಿತ್ತು. ಅಲ್ಲಿ ಆಡಳಿತದ ಮತ್ತು ಉನ್ನತ ವಿದ್ಯೆಯ ಭಾಷೆ ಉರ್ದು; ಕನ್ನಡದ ಮಗುವಿಗೆ ತನ್ನ ನುಡಿಯಲ್ಲಿ ಕಲಿಯುವ ಅವಕಾಶ ವಿರಳವಾಗಿತ್ತು. ಅಜ್ಜ ಅಜ್ಜಿಯರು ಶಾಲೆ ಕಾಣದ ಮನೆಯಲ್ಲಿ ಮೊಮ್ಮಕ್ಕಳ ಓದಿಗೆ ಆಸರೆ ಕಡಿಮೆ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ. 64.85, ದಕ್ಷಿಣ ಕನ್ನಡದ್ದು ಶೇ. 88.57. ಕಲಬುರಗಿಯ ಮಹಿಳೆಯರಲ್ಲಂತೂ ಶೇ. 55ರ ಆಸುಪಾಸು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವೇ ಆಗಿದ್ದವು.

ಎರಡನೆಯದು ಶಿಕ್ಷಕರ ಕೊರತೆ. 2022ರಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಸರಕಾರ ಹೊರಟಾಗ ಅದರಲ್ಲಿ 5,000 ಹುದ್ದೆಗಳನ್ನು ಕಲ್ಯಾಣ ಕರ್ನಾಟಕಕ್ಕೆಂದೇ ಇಡಬೇಕಾಯಿತು. ಆರೇಳು ಜಿಲ್ಲೆಗಳ ಒಂದು ಭಾಗಕ್ಕೆ ಮೂರನೆಯ ಒಂದು ಪಾಲು ಬೇಕಾಯಿತೆಂದರೆ ಕೊರತೆಯ ಆಳ ತಿಳಿಯುತ್ತದೆ. ಖಾಲಿ ಜಾಗಗಳನ್ನು ಗೌರವಧನದ ಅತಿಥಿ ಶಿಕ್ಷಕರಿಂದ ತುಂಬಲಾಗುತ್ತದೆ. ಅವರಲ್ಲಿ ಶ್ರದ್ಧೆಯಿಂದ ಕಲಿಸುವವರು ಬಹಳ. ಆದರೆ ಮುಂದಿನ ಜೂನ್ ತಿಂಗಳಿನಲ್ಲಿ ತಾನು ಇದೇ ಶಾಲೆಯಲ್ಲಿರುವೆನೆಂಬ ಭರವಸೆ ಇಲ್ಲದ ಗುರುವು ಮಗುವಿನ ಮೂರು ವರ್ಷಗಳ ಏಳಿಗೆಯನ್ನು ಯೋಜಿಸುವುದಾದರೂ ಹೇಗೆ?

ಮೂರನೆಯದು ದುಡಿಮೆಯ ಒತ್ತಡ. ಕಲಬುರಗಿ ತೊಗರಿಯ ಕಣಜ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ತೊಗರಿ ಕೊಯ್ಲು, ರಾಶಿ ನಡೆಯುವಾಗ ದೊಡ್ಡ ತರಗತಿಗಳ ಮಕ್ಕಳು ಹೊಲದಲ್ಲಿರುತ್ತಾರೆ. ಪರೀಕ್ಷೆಗೆ ಎರಡು ಮೂರು ತಿಂಗಳು ಉಳಿದಿರುವ ಕಾಲವೂ ಅದೇ. ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ತಂದೆ ತಾಯಂದಿರ ಸಂಗಡ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಮಗು ಇರುವುದಿಲ್ಲ.

ನಮ್ಮ ಪಾಲಿನ ಹೊಣೆ

ಇವೆಲ್ಲ ಹೊರಗಿನ ಕಾರಣಗಳಾದವು. ನಮ್ಮೊಳಗಿನ ಕಾರಣವನ್ನೂ ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಊರಿನಲ್ಲಿ ನಾಲ್ಕು ಅಕ್ಷರ ಬಲ್ಲವರು, ಹೊಲಮನೆ ಉಳ್ಳವರು, ಕಚೇರಿಯಲ್ಲಿ ನಿಂತು ಮಾತಾಡಬಲ್ಲವರು ತಮ್ಮ ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳುಹಿಸಿದರು. ತಮ್ಮ ಮಗುವಿನ ಒಳಿತನ್ನು ಬಯಸುವುದು ತಪ್ಪಲ್ಲ. ಆದರೆ ಅವರ ಮಕ್ಕಳ ಜೊತೆಗೆ ಅವರ ಕಾಳಜಿಯೂ ಊರ ಶಾಲೆಯನ್ನು ಬಿಟ್ಟು ಹೋಯಿತು. ಶಾಲೆಯಲ್ಲಿ ಉಳಿದದ್ದು ಕೂಲಿಯವರ ಮಕ್ಕಳು. ಅವರ ತಂದೆ ತಾಯಂದಿರು ಬಿ.ಇ.ಓ. ಕಚೇರಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಕೇಳುವವರಿಲ್ಲದ ಶಾಲೆ ಕೆಡಲು ಬಹಳ ಕಾಲ ಬೇಕಾಗುವುದಿಲ್ಲ.

ವಿದ್ಯಾದಾನದಲ್ಲಿ ನಮ್ಮ ಸಮಾಜಕ್ಕೆ ಹಿರಿದಾದ ಚರಿತ್ರೆಯಿದೆ. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಆರಂಭವಾಯಿತು. ಕಲಬುರಗಿಯಲ್ಲಿಯೇ ಶರಣಬಸವೇಶ್ವರ ಸಂಸ್ಥಾನವು ಶಾಲೆ ಕಾಲೇಜುಗಳನ್ನು ಕಟ್ಟಿತು; 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಪ್ರಯತ್ನದಿಂದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಆದರೆ ಹತ್ತನೆಯ ತರಗತಿಯನ್ನು ದಾಟಲಾರದ ಮಗುವಿಗೆ ಈ ಮಹಾವಿದ್ಯಾಲಯಗಳ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ. ಮೇಲಿನ ಮಹಡಿಯನ್ನು ಕಟ್ಟಿದ ಕೈಗಳು ಕೆಳಗಿನ ಮೆಟ್ಟಿಲನ್ನು ಸರಿಪಡಿಸಲೂ ಮುಂದಾಗಬೇಕಾಗಿದೆ.

ಕೇಳುವ ಹಕ್ಕು ಕಾಯ್ದೆಯಲ್ಲಿಯೇ ಇದೆ

ಕೇಳುವುದೆಂದರೆ ಜಗಳಕ್ಕೆ ನಿಲ್ಲುವುದಲ್ಲ. ಅದಕ್ಕೊಂದು ಕ್ರಮಬದ್ಧವಾದ ದಾರಿ ಇದೆ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಕರ್ನಾಟಕ ಸರಕಾರವು ಪ್ರತಿ ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ರಚಿಸಿತು. ಎಸ್.ಡಿ.ಎಂ.ಸಿ. ಎಂದು ಎಲ್ಲರೂ ಕರೆಯುವ ಸಮಿತಿ ಇದೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣವು ಇಂತಹ ಸಮಿತಿಗೆ ದೇಶದಾದ್ಯಂತ ಕಾನೂನಿನ ಬಲ ಕೊಟ್ಟಿತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆ ತಾಯಂದಿರು ಅಥವಾ ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕಾರ್ಯವನ್ನು ನೋಡಿಕೊಳ್ಳುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು, ಅನುದಾನದ ಬಳಕೆಯನ್ನು ಪರಿಶೀಲಿಸುವುದು ಈ ಸಮಿತಿಯ ಕರ್ತವ್ಯಗಳು. ಸಚಿವಾಲಯದಿಂದ ಹಳ್ಳಿಯವರೆಗಿನ ಉದ್ದನೆಯ ಸರಪಳಿಯಲ್ಲಿ ಪೋಷಕರ ಕೈಗೆ ಸಿಕ್ಕಿರುವ ಕೊಂಡಿ ಇದೊಂದೇ.

ಆದರೆ ಅನೇಕ ಊರುಗಳಲ್ಲಿ ಈ ಸಮಿತಿ ಸಹಿ ಹಾಕುವುದಕ್ಕೆ ಮಾತ್ರ ಉಳಿದಿದೆ. ಕೆಲವೆಡೆ ಅಧ್ಯಕ್ಷ ಸ್ಥಾನಕ್ಕೆ ಪಕ್ಷ ರಾಜಕೀಯದ ಜಗ್ಗಾಟ ನಡೆದು, ಮಕ್ಕಳ ಓದಿನ ಮಾತು ಹಿಂದೆ ಬೀಳುತ್ತದೆ. ಸಮಿತಿಯ ಸಭೆಯಲ್ಲಿ ಪೋಷಕರು ಕೇಳಬಹುದಾದ ಐದು ಪ್ರಶ್ನೆಗಳನ್ನು ಇಲ್ಲಿ ಕೊಡಲಾಗಿದೆ.

ಒಂದು, ನಮ್ಮ ಶಾಲೆಗೆ ಮಂಜೂರಾದ ಶಿಕ್ಷಕರ ಹುದ್ದೆಗಳೆಷ್ಟು, ಖಾಲಿ ಎಷ್ಟು? ಮಂಜೂರಾದ ಹುದ್ದೆಗಳಲ್ಲಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಖಾಲಿ ಬಿಡಬಾರದೆಂದು ಅದೇ ಕಾಯ್ದೆಯ 26ನೆಯ ಪ್ರಕರಣ ಹೇಳುತ್ತದೆ. ಆದ್ದರಿಂದ ಶಿಕ್ಷಕರನ್ನು ಕೊಡಿರೆಂದು ಸಮಿತಿಯು ನಿರ್ಣಯ ಬರೆದು ಬಿ.ಇ.ಓ. ಕಚೇರಿಗೆ ಕಳುಹಿಸಿದರೆ ಅದು ಬೇಡಿಕೆಯಲ್ಲ, ಕಾಯ್ದೆಯ ನೆನಪು.

ಎರಡು, ಈ ವರ್ಷ ಶಾಲಾ ಅನುದಾನ ಎಷ್ಟು ಬಂದಿತು, ಯಾವ ದಿನ ಬಂದಿತು, ಯಾವುದಕ್ಕೆ ಖರ್ಚಾಯಿತು? ಲೆಕ್ಕವನ್ನು ಗೋಡೆಯ ಮೇಲೆ ಬರೆಸಿದರೆ ಮುಖ್ಯ ಗುರುಗಳ ಮೇಲಿನ ಅನುಮಾನವೂ ದೂರವಾಗುತ್ತದೆ.

ಮೂರು, ಶಾಲೆ ಎಷ್ಟು ದಿನ ನಡೆಯಿತು? ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠ ನಡೆಯಬೇಕೆಂಬುದು ಕಾಯ್ದೆಯ ಮಾತು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದೂ ಅಲ್ಲಿಯೇ ಹೇಳಿದೆ.

ನಾಲ್ಕು, ಕಳೆದ ತಿಂಗಳು ಹತ್ತು ದಿನಕ್ಕಿಂತ ಹೆಚ್ಚು ಶಾಲೆಗೆ ಬಾರದ ಮಕ್ಕಳು ಯಾರು? ಹೆಸರು ಹಿಡಿದು ಕೇಳಿ, ಸಮಿತಿಯ ಇಬ್ಬರು ಆ ಮನೆಗೆ ಹೋಗಿ ಬರಬೇಕು. ರಾಶಿಯ ಕಾಲದಲ್ಲಂತೂ ಇದು ಅಗತ್ಯ.

ಐದು, ಐದನೆಯ ತರಗತಿಯ ಎಷ್ಟು ಮಕ್ಕಳು ಎರಡನೆಯ ತರಗತಿಯ ಪುಸ್ತಕವನ್ನು ತಡವರಿಸದೆ ಓದಬಲ್ಲರು? ಈ ಒಂದು ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಡ, ಕ್ಯಾಮೆರಾ ಬೇಡ. ಪುಸ್ತಕ ಕೊಟ್ಟು ಎದುರಿಗೆ ಕುಳಿತರೆ ಸಾಕು.

ಈ ಕೊನೆಯ ಪ್ರಶ್ನೆಯನ್ನು ತಾಯಂದಿರು ಮನೆಯಲ್ಲಿಯೂ ಕೇಳಬಹುದು. ತಮಗೆ ಅಕ್ಷರ ಬಾರದೆಂದು ಹಿಂಜರಿಯಬೇಕಾಗಿಲ್ಲ. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿರಿ. ಮಗು ನೀರು ಹರಿದಂತೆ ಓದುತ್ತಿದೆಯೋ, ಒಂದೊಂದಕ್ಷರಕ್ಕೂ ನಿಲ್ಲುತ್ತಿದೆಯೋ ಎಂಬುದು ಓದು ಬಾರದ ತಾಯಿಯ ಕಿವಿಗೂ ತಿಳಿಯುತ್ತದೆ. ನಿಲ್ಲುತ್ತಿದ್ದರೆ ಮರುದಿನ ಶಾಲೆಗೆ ಹೋಗಿ ಗುರುಗಳಿಗೆ ಅಷ್ಟನ್ನು ಹೇಳಿದರೆ ಸಾಕು. ಪೋಷಕರೊಡನೆ ಮಗುವಿನ ಹಾಜರಿ ಮತ್ತು ಕಲಿಕೆಯ ಬಗೆಗೆ ಮಾತನಾಡುವುದು ಶಿಕ್ಷಕರ ಕರ್ತವ್ಯವೆಂದು ಕಾಯ್ದೆಯ 24ನೆಯ ಪ್ರಕರಣದಲ್ಲಿಯೇ ಇದೆ.

ಅನುತ್ತೀರ್ಣರಾದ ಮಕ್ಕಳ ಮನೆಯವರಿಗೆ ಒಂದು ಮಾತು. ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮೊದಲನೆಯದರಲ್ಲಿ ಸೋತ ಹುಡುಗನನ್ನು ಮರುದಿನವೇ ಗಾರೆ ಕೆಲಸಕ್ಕೆ ಕಳುಹಿಸುವುದೂ, ಹುಡುಗಿಗೆ ವರ ನೋಡಲು ಹೊರಡುವುದೂ ಸಲ್ಲದು. ಮುಂದಿನ ಪರೀಕ್ಷೆಗೆ ಕೂರಿಸಿರಿ. ಊರಿನ ಪದವೀಧರ ಯುವಕರು ಮಠದ ಕಟ್ಟೆಯ ಮೇಲೋ, ಶಾಲೆಯ ಪಡಸಾಲೆಯಲ್ಲೋ ಸಂಜೆ ಒಂದು ತಾಸು ಗಣಿತ, ಇಂಗ್ಲಿಷ್ ಹೇಳಿಕೊಟ್ಟರೆ ಅದಕ್ಕಿಂತ ಮಿಗಿಲಾದ ದಾಸೋಹವಿಲ್ಲ.

ಸರಕಾರವು ಶಿಕ್ಷಕರನ್ನು ನೇಮಿಸಬೇಕು, ಅನುದಾನವನ್ನು ಸಕಾಲದಲ್ಲಿ ಕೊಡಬೇಕು, ಪಂಚಾಯತಿಗಳಿಗೆ ತಪ್ಪದೆ ಚುನಾವಣೆ ನಡೆಸಬೇಕು. ಅದರ ಹೊಣೆಯನ್ನು ಯಾರೂ ಹೊರಲಾರರು. ಆದರೆ ಅದನ್ನು ನೆನಪಿಸುವ ಹೊಣೆ ಊರಿನದು. ಬರುವ ಜೂನ್ ತಿಂಗಳಿನಲ್ಲಿ ಶಾಲೆ ಬಾಗಿಲು ತೆರೆದಾಗ, ಮಕ್ಕಳು ಅಲ್ಲಿ ಓದುತ್ತಿರಲಿ ಬಿಡಲಿ, ಪ್ರತಿ ಮನೆಯ ಹಿರಿಯರೊಬ್ಬರು ಒಮ್ಮೆ ಊರ ಶಾಲೆಗೆ ಹೋಗಿ, ಮುಖ್ಯ ಗುರುಗಳನ್ನು ಕಂಡು, "ಗುರುಗಳೇ, ಈ ವರ್ಷ ಶಾಲೆಗೆ ಏನು ಬೇಕು?" ಎಂದು ಕೇಳಿ ಬರಲಿ. ದಡದಲ್ಲಿ ನಿಂತ ಐವತ್ತೆಂಟು ಮಕ್ಕಳು ಬೇರೆ ಯಾರವರೂ ಅಲ್ಲ, ನಮ್ಮ ಓಣಿಯವರೇ.